ಹಾಸಿಗೆಗಳ ಲೆಕ್ಕವಿದೆ, ಕೈಗಳ ಲೆಕ್ಕ?

ಕಳೆದ ಮಳೆಗಾಲದಲ್ಲಿ ಅರಕಲಗೂಡಿನ ನಮ್ಮ ಅಜ್ಜಿಗೆ ಉಸಿರಾಟದ ತೊಂದರೆಯಾಗಿ ಹಾಸನದ ಆಸ್ಪತ್ರೆಯೊಂದರ ಐಸಿಯುಗೆ ಸೇರಿಸಿದೆವು. ನಾಲ್ಕು ರಾತ್ರಿ ಹೊರಗಿನ ಬೆಂಚಿನಲ್ಲೇ ಕಳೆದೆ. ಹೊಳೆನರಸೀಪುರ, ಚನ್ನರಾಯಪಟ್ಟಣದಿಂದ ಬಂದವರೂ ಜೊತೆಗಿದ್ದರು. ಬಾಗಿಲು ತೆರೆದಾಗಲೆಲ್ಲ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ‘ಸಿಸ್ಟರ್, ಅಜ್ಜಿ ಹೇಗಿದ್ದಾರೆ?’ ಎಂದರೆ ‘ಇರಪ್ಪ, ಆಮೇಲೆ ಹೇಳ್ತೀನಿ’ ಎಂದು ಒಳಗೆ ಓಡುತ್ತಿದ್ದರು. ಮೂರನೇ ರಾತ್ರಿ ಸಿಟ್ಟು ತಡೆಯಲಾಗದೆ ಕೂಗಾಡಿಬಿಟ್ಟೆ. ಅವರು ತಿರುಗಿ ಮಾತಾಡಲಿಲ್ಲ. ಆ ರಾತ್ರಿ ಅವರೊಬ್ಬರೇ ಮೂವರು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರೆಂದು ನಂತರ ತಿಳಿಯಿತು.

ಅಜ್ಜಿ ಹುಷಾರಾಗಿ ಮನೆಗೆ ಬಂದರು. ಇತ್ತ ಕಾಲೇಜಿನಲ್ಲಿ ‘ವರ್ಕ್ ಸ್ಟಡಿ’ ಪಾಠ ಶುರುವಾಯಿತು. ಒಂದೊಂದು ಕೆಲಸಕ್ಕೂ ಎಷ್ಟು ಸಮಯ ಹಿಡಿಯುತ್ತದೆಂದು ಸ್ಟಾಪ್‌ವಾಚ್‌ನಲ್ಲಿ ಅಳೆದು, ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ವಿದ್ಯೆಯದು. ನರ್ಸ್‌ಗಳ ಕೆಲಸವನ್ನೂ ಯಾರಾದರೂ ಹೀಗೆ ಅಳೆದಿದ್ದಾರಾ ಎಂದು ಹುಡುಕಿದೆ.

ಅಳೆದಿದ್ದಾರೆ! 1974ರಲ್ಲಿ ಅಮೆರಿಕದಲ್ಲಿ ಬಂದ ‘ಟಿಸ್’ ಪದ್ಧತಿ ರೋಗಿಗೆ ಕೊಡುವ ಚಿಕಿತ್ಸೆಗಳಿಗೆ ಅಂಕ ಹಾಕುತ್ತಿತ್ತು. ಆದರೆ ನರ್ಸ್ ಕೆಲಸ ಚಿಕಿತ್ಸೆಯಷ್ಟೇ ಅಲ್ಲವಲ್ಲ? 15 ದೇಶಗಳ 99 ಐಸಿಯುಗಳ ಅಧ್ಯಯನದಿಂದ 2003ರಲ್ಲಿ ‘ನರ್ಸಿಂಗ್ ಆಕ್ಟಿವಿಟೀಸ್ ಸ್ಕೋರ್’ ಬಂತು. ಅದರಲ್ಲಿ 23 ಅಂಶಗಳಿವೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ದಾಖಲೆ ಬರೆಯುವುದು ಎಲ್ಲಕ್ಕೂ ಅಂಕವಿದೆ. 100 ಅಂಕವೆಂದರೆ 24 ಗಂಟೆಯೂ ಒಬ್ಬ ನರ್ಸ್‌ನ ಪೂರ್ತಿ ಸಮಯ. ಮೂವರು ರೋಗಿಗಳಿಗೆ ತಲಾ 60 ಎಂದರೂ 180 ಆಯಿತು. ಒಬ್ಬರಿಂದ ಆಗುವ ಕೆಲಸವೇ ಅಲ್ಲ.

ಆ ಪಟ್ಟಿಯಲ್ಲಿ ರೋಗಿ ಮತ್ತು ಮನೆಯವರಿಗೆ ಧೈರ್ಯ ಹೇಳುವುದಕ್ಕೂ ಅಂಕವಿದೆ. ಸುಮಾರು ಒಂದು ಗಂಟೆ ಹಿಡಿದರೆ 4, ಮೂರು ಗಂಟೆ ಅಥವಾ ಹೆಚ್ಚಾದರೆ 32. ನಾನು ಕೇಳಿದ್ದು ತಪ್ಪಲ್ಲ, ಅದಕ್ಕೆ ಅವರ ಬಳಿ ಸಮಯವಿರಲಿಲ್ಲ ಅಷ್ಟೆ.

ಇನ್ನೊಂದು ಸರಳ ಲೆಕ್ಕ. ಹತ್ತು ಹಾಸಿಗೆಯ ಐಸಿಯುನಲ್ಲಿ ಪ್ರತಿ ಪಾಳಿಗೂ ಹಾಸಿಗೆಗೊಬ್ಬರಂತೆ ಬೇಕೆಂದರೆ ಮೂರು ಪಾಳಿಗೆ 30 ಜನ. ವಾರದ ರಜೆ ಸೇರಿಸಿದರೆ 35. ಹೆರಿಗೆ ರಜೆ, ಕಾಯಿಲೆ ರಜೆ ಇದರ ಮೇಲೆ. ಹೊಸ ಐಸಿಯು ಉದ್ಘಾಟನೆಯಾದಾಗ ಎಷ್ಟು ಹಾಸಿಗೆ ಎಂದಷ್ಟೇ ಕೇಳುತ್ತೇವೆ. ಪಾಳಿಗೆ ಎಷ್ಟು ನರ್ಸ್ ಎಂದೂ ಕೇಳಬೇಕಲ್ಲವೇ? ನರ್ಸಿಂಗ್ ಓದಿ ಕೆಲಸಕ್ಕೆ ಕಾಯುತ್ತಿರುವ ಗೆಳೆಯರಿಗೂ ಈ ಪ್ರಶ್ನೆ ಬೇಕು.

ಅಜ್ಜಿಯನ್ನು ತಪಾಸಣೆಗೆ ಕರೆದೊಯ್ದಾಗ ಆ ಸಿಸ್ಟರ್‌ಗಾಗಿ ಹುಡುಕಿದೆ. ಪಾಳಿ ಬದಲಾಗಿತ್ತು, ಸಿಗಲಿಲ್ಲ. ಇಲ್ಲಿಂದಲೇ ಹೇಳುತ್ತೇನೆ: ಸಿಸ್ಟರ್, ತಪ್ಪಾಯ್ತು.