ಪಟ್ಟಿಯ ಕೆಳಭಾಗದ ಆಟಗಾರರು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ತರಗತಿಗಳು ತೆರೆಯುವುದಕ್ಕೆ ಮುಂಚೆಯೇ, ಜುಲೈ ತಿಂಗಳ ಕೊನೆಯಲ್ಲೋ ಆಗಸ್ಟಿನ ಆರಂಭದಲ್ಲೋ, ಫುಟ್‌ಬಾಲ್ ತಂಡಗಳ ಅಭ್ಯಾಸಶಿಬಿರಗಳು ಮೊದಲಾಗುತ್ತವೆ. ಅಲ್ಲಿಂದ ಮೊದಲ ಪಂದ್ಯದವರೆಗಿನ ನಾಲ್ಕು ವಾರಗಳಲ್ಲಿ ಮುಂಬರುವ ಋತುವಿನ ಫಲಾಫಲಗಳನ್ನು ಕುರಿತು ಅಲ್ಲಿನ ಪತ್ರಿಕೆಗಳು ಬರೆಯುವ ಲೇಖನಗಳಿಗೆ ಮಿತಿಯೇ ಇರುವುದಿಲ್ಲ. ಅವುಗಳನ್ನು ಓದಿದವರಿಗೆ ಒಂದು ತಂಡವೆಂದರೆ ಹೆಚ್ಚೆಂದರೆ ಇಪ್ಪತ್ತೈದು ಮಂದಿಯ ಕೂಟವೆಂಬ ಭಾವನೆ ಮೂಡುವುದು ಸಹಜ. ವಸ್ತುತಃ ಅಗ್ರಶ್ರೇಣಿಯ ತಂಡವೊಂದರಲ್ಲಿ ನೂರರಷ್ಟು ವಿದ್ಯಾರ್ಥಿಗಳಿರುತ್ತಾರೆ. ಅವರಲ್ಲಿ ಬಹುಸಂಖ್ಯಾತರ ಹೆಸರು ಯಾವ ಭವಿಷ್ಯವಾಣಿಯಲ್ಲಿಯೂ ಬರುವುದಿಲ್ಲ. ಅವರನ್ನು ಕುರಿತೇ ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಏಕೆಂದರೆ ತಂಡದ ಬಲವನ್ನು ತೂಗಬೇಕಾದುದು ಪಟ್ಟಿಯ ಮೇಲ್ತುದಿಯಲ್ಲಿ ಎಷ್ಟೋ, ಅದರ ಕೆಳಭಾಗದಲ್ಲಿಯೂ ಅಷ್ಟೇ ಎಂಬುದು ನನ್ನ ದೃಢವಾದ ನಂಬಿಕೆ.

ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಯ ನೆಲವನ್ನು ಗಜಗಜವಾಗಿ ಗೆಲ್ಲುತ್ತ ಹೋಗುವ ಈ ಆಟದಲ್ಲಿ ಒಂದು ಸಲಕ್ಕೆ ಕಣದಲ್ಲಿ ನಿಲ್ಲುವವರು ಪ್ರತಿ ಪಕ್ಷಕ್ಕೆ 11 ಮಂದಿಯಾದರೂ, ಆಕ್ರಮಣಕ್ಕೆ ಒಂದು ಗುಂಪು, ರಕ್ಷಣೆಗೆ ಮತ್ತೊಂದು ಗುಂಪು, ಚೆಂಡನ್ನು ಒದೆಯುವ ಸಂದರ್ಭಗಳಿಗೆ ‘ಸ್ಪೆಷಲ್ ಟೀಮ್ಸ್’ ಎಂಬ ಮೂರನೆಯ ಗುಂಪು, ಹೀಗೆ ಸೈನ್ಯವಿಭಾಗಗಳಂತೆ ತಂಡವು ಹಂಚಿಹೋಗಿರುತ್ತದೆ. ಪ್ರತಿಯೊಂದು ಸ್ಥಾನಕ್ಕೂ ಮೊದಲನೆಯವನು, ಎರಡನೆಯವನು, ಮೂರನೆಯವನು ಎಂದು ಅನುಕ್ರಮವಾಗಿ ಹೆಸರುಗಳನ್ನು ಬರೆದಿಟ್ಟ ಪಟ್ಟಿಯೇ ‘ಡೆಪ್ತ್ ಚಾರ್ಟ್’. ಮೊದಲ ಸಾಲಿನವನು ಆಡುತ್ತಾನೆ. ಎರಡನೆಯ ಸಾಲಿನವನು ಆಗಾಗ್ಗೆ ಆಡುತ್ತಾನೆ. ಅದಕ್ಕಿಂತ ಕೆಳಗಿನವನಾದರೋ ಎಷ್ಟೋ ವೇಳೆ ಪರಸ್ಥಳದ ಪಂದ್ಯಗಳಿಗೆ ಪ್ರಯಾಣಮಾಡುವವರ ಗುಂಪಿನಲ್ಲಿಯೂ ಇರುವುದಿಲ್ಲ. ಇವರಲ್ಲಿ ಅನೇಕರು ‘ವಾಕ್-ಆನ್’ಗಳು, ಎಂದರೆ ವಿದ್ಯಾರ್ಥಿವೇತನದ ಆಸರೆಯಿಲ್ಲದೆ ತಮ್ಮ ಮನೆಯವರ ಖರ್ಚಿನಲ್ಲಿ ಓದುತ್ತ, ಆಟದ ಮೇಲಣ ಅನುರಾಗದಿಂದಲೇ ತಂಡಕ್ಕೆ ಬಂದು ಸೇರಿದವರು.

ಈ ಕೆಳಸಾಲಿನವರಿಗೆ ವರ್ಷದಲ್ಲಿ ಕ್ರಮಾಂಕ ಬದಲಾಗುವ ಅವಕಾಶ ಹೆಚ್ಚಾಗಿರುವುದು ಆಗಸ್ಟ್ ತಿಂಗಳಲ್ಲಿಯೇ. ಶಿಬಿರದ ಮೊದಲ ದಿನಗಳಲ್ಲಿ ಬರಿಯ ಶಿರಸ್ತ್ರಾಣ, ಅನಂತರ ಭುಜಕವಚ, ಬಿಸಿಲಿಗೆ ದೇಹವು ಒಗ್ಗಿದ ಮೇಲೆ ಪೂರ್ಣಕವಚ, ಹೀಗೆ ಹಂತಹಂತವಾಗಿ ಏರುವ ಅಭ್ಯಾಸದಲ್ಲಿ ಪ್ರತಿಯೊಬ್ಬನ ಚಲನೆಯೂ ಚಿತ್ರೀಕೃತವಾಗಿ, ಆ ರಾತ್ರಿಯೇ ತರಬೇತುದಾರರ ಪರೀಕ್ಷೆಗೆ ಒಳಗಾಗುತ್ತದೆ. ಹಿಂದೆ ದಿನಕ್ಕೆ ಎರಡು ಬಾರಿ ಪೂರ್ಣಪ್ರಮಾಣದ ಅಭ್ಯಾಸ ನಡೆಸುವ ಪದ್ಧತಿಯಿತ್ತು. 2017ರಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳ ನಿಯಾಮಕ ಸಂಸ್ಥೆಯಾದ ಎನ್‌ಸಿಎಎ ಅದನ್ನು ನಿಷೇಧಿಸಿತು. ತರುಣರ ಆರೋಗ್ಯದ ದೃಷ್ಟಿಯಿಂದ ಅದು ಅತ್ಯಂತ ಯುಕ್ತವಾದ ನಿರ್ಣಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅಭ್ಯಾಸದ ಹೊತ್ತು ಕಡಮೆಯಾದಾಗ ಮೊದಲ ಸಾಲಿನವರ ಪಾಲನ್ನು ಯಾರೂ ಕಡಿಯಲಾರರಾದ್ದರಿಂದ, ಸರದಿ ಮೊಟಕಾಗುವುದು ಮೂರನೆಯ ಸಾಲಿನವನದೇ. ಅವನಿಗೆ ದೊರೆತ ನಾಲ್ಕಾರು ಅವಕಾಶಗಳಲ್ಲಿ ಒಂದು ತಪ್ಪಿದರೂ ಅದನ್ನು ತಿದ್ದಿಕೊಳ್ಳಲು ಮರುದಿನವೇ ಇನ್ನೊಂದು ಅವಕಾಶ ಬರುವುದೆಂಬ ಭರವಸೆಯಿಲ್ಲ.

ಹಾಗಾದರೆ ಇಂಥವನ ಮುಂದಿನ ಋತು ಹೇಗಿರಬಹುದೆಂದು ಊಹಿಸುವುದು ಹೇಗೆ? ಮೊದಲು ನೋಡತಕ್ಕದ್ದು ಅವನ ಸ್ಥಾನವನ್ನು. ರಕ್ಷಣೆಯ ಮುಂಚೂಣಿಯಲ್ಲಿ ನಿಲ್ಲುವ ಭಾರಿ ಆಳುಗಳು ಬೇಗ ದಣಿಯುವುದರಿಂದ ಅವರನ್ನು ಸರದಿಯ ಮೇಲೆ ಬದಲಿಸುತ್ತಿರುತ್ತಾರೆ. ಆದುದರಿಂದ ಅಲ್ಲಿ ಎರಡನೆಯ ಸಾಲಿನವನೂ ನಿಜವಾಗಿ ಆಟಗಾರನೇ. ಇದಕ್ಕೆ ವ್ಯತಿರಿಕ್ತವಾಗಿ, ಪ್ರತಿ ದಾಳಿಯನ್ನೂ ನಡೆಸುವ ನಾಯಕನಾದ ಕ್ವಾರ್ಟರ್‌ಬ್ಯಾಕ್ ಗಾಯಗೊಳ್ಳದೆ ಸ್ಥಾನ ಬಿಡುವುದು ಅಪರೂಪ. ಅವನ ಹಿಂದೆ ನಿಂತವನು ಎಷ್ಟು ಸಮರ್ಥನಾದರೂ ವರ್ಷವಿಡೀ ಕಾಯಬೇಕಾದೀತು. ಆಕ್ರಮಣದ ಮುಂಚೂಣಿಯವರಿಗೆ ಬೇಕಾದ ದೇಹಬಲವು ಹದಿನೆಂಟನೆಯ ವಯಸ್ಸಿಗೆ ಬರತಕ್ಕದ್ದಲ್ಲ. ಅವರನ್ನು ಮೊದಲ ವರ್ಷ ಆಡಿಸದೆ ಬೆಳೆಯಬಿಡುವುದೇ ವಾಡಿಕೆ. ಇದಕ್ಕೆ ‘ರೆಡ್‌ಶರ್ಟ್’ ಎನ್ನುತ್ತಾರೆ. ಐದು ವರ್ಷಗಳಲ್ಲಿ ನಾಲ್ಕು ಋತು ಆಡಬಹುದೆಂಬ ಕಟ್ಟಳೆಯ ಜೊತೆಗೆ, ನಾಲ್ಕು ಪಂದ್ಯಗಳವರೆಗೆ ಆಡಿದರೂ ಆ ವರ್ಷ ಲೆಕ್ಕಕ್ಕೆ ಬಾರದೆಂಬ ರಿಯಾಯಿತಿಯನ್ನು 2018ರಲ್ಲಿ ಸೇರಿಸಿದಾಗ, ಹೊಸಬರಿಗೆ ಕಣದ ರುಚಿ ತೋರಿಸುವ ಬಾಗಿಲೊಂದು ತೆರೆಯಿತು. ಆದರೂ ಕೆಳಸಾಲಿನವನಿಗೆ ಎಲ್ಲಕ್ಕಿಂತ ಸಮೀಪದ ಮಾರ್ಗ ಸ್ಪೆಷಲ್ ಟೀಮ್ಸ್‌ನದೇ. ಎದುರಾಳಿಯು ಹಿಡಿದು ಓಡಿಬರುವ ಚೆಂಡಿನತ್ತ ಐವತ್ತು ಗಜ ಧಾವಿಸಿ ಅವನನ್ನು ನೆಲಕ್ಕೆ ಕೆಡಹುವ ಕೆಲಸಕ್ಕೆ ತಾರಾಪಟ್ಟ ಬೇಕಿಲ್ಲ. ಧೈರ್ಯವೂ ಲಕ್ಷ್ಯವೂ ಇದ್ದರೆ ಸಾಕು, ಆಗಸ್ಟಿನಲ್ಲಿ ಹೆಸರಿಲ್ಲದವನು ಸೆಪ್ಟೆಂಬರಿನಲ್ಲಿ ಕಣದಲ್ಲಿರುತ್ತಾನೆ.

ಅಷ್ಟೂ ದೊರೆಯದವರು ‘ಸ್ಕೌಟ್ ಟೀಮ್’ ಸೇರುತ್ತಾರೆ. ಮುಂದಿನ ವಾರದ ಎದುರಾಳಿಯ ಚಾಲುಗಳನ್ನು ಕಲಿತು, ಅವರಂತೆಯೇ ಆಡಿ ತೋರಿಸಿ, ತಮ್ಮ ತಂಡದ ಪ್ರಮುಖರನ್ನು ಸಿದ್ಧಗೊಳಿಸುವುದೇ ಇವರ ಕಾರ್ಯ. 2018ರ ಜನವರಿ 1ರ ರೋಸ್ ಬೌಲ್ ಪಂದ್ಯಕ್ಕೆ ಮೊದಲು ಜಾರ್ಜಿಯಾ ವಿಶ್ವವಿದ್ಯಾಲಯದ ಅಭ್ಯಾಸಗಳಲ್ಲಿ ಓಕ್ಲಹೋಮಾದ ಪ್ರಸಿದ್ಧ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡನನ್ನು ಅನುಕರಿಸಿದವನು ಸ್ಟೆಟ್‌ಸನ್ ಬೆನೆಟ್ ಎಂಬ ವಾಕ್-ಆನ್. ಜಾರ್ಜಿಯಾ ಆ ಪಂದ್ಯವನ್ನು 54-48ರಿಂದ ಗೆದ್ದಿತು. ಬಳಿಕ ಮಿಸಿಸಿಪಿಯ ಕಿರಿಯ ಕಾಲೇಜೊಂದರಲ್ಲಿ ಒಂದು ಋತು ಆಡಿ ಮರಳಿ ಬಂದ ಅದೇ ಬೆನೆಟ್, 2021 ಮತ್ತು 2022ರ ಋತುಗಳೆರಡರಲ್ಲಿಯೂ ಜಾರ್ಜಿಯಾವನ್ನು ರಾಷ್ಟ್ರೀಯ ಪ್ರಶಸ್ತಿಗೆ ಮುಟ್ಟಿಸಿದನು. ಅವನು ಅನುಕರಿಸಿದ ಮೇಫೀಲ್ಡನೂ ಎರಡು ವಿಶ್ವವಿದ್ಯಾಲಯಗಳಿಗೆ ವಾಕ್-ಆನ್ ಆಗಿಯೇ ಕಾಲಿಟ್ಟವನೆಂಬುದನ್ನು ನೆನೆದರೆ ಈ ವರ್ಗದ ಸತ್ತ್ವ ಎಂಥದೆಂದು ತಿಳಿಯುತ್ತದೆ.

ಋತುಪೂರ್ವದ ಎಣಿಕೆಗಳನ್ನು 2014ರ ಒಹಾಯೋ ಸ್ಟೇಟ್ ತಂಡದಷ್ಟು ತಲೆಕೆಳಗು ಮಾಡಿದ ಉದಾಹರಣೆ ಇನ್ನೊಂದನ್ನು ನಾನರಿಯೆ. ಆ ವರ್ಷದ ಆಗಸ್ಟ್ ಶಿಬಿರದಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್ ಬ್ರ್ಯಾಕ್ಸ್‌ಟನ್ ಮಿಲ್ಲರನ ಭುಜಕ್ಕೆ ಪೆಟ್ಟು ಬಿದ್ದು ಅವನ ಋತುವೇ ಮುಗಿಯಿತು. ಜೆ. ಟಿ. ಬ್ಯಾರೆಟ್ ಎಂಬ ತರುಣನು ಆ ಸ್ಥಾನಕ್ಕೆ ಬಂದು, ಅಪೂರ್ವವಾಗಿ ಆಡಿ, ನವೆಂಬರಿನ ಕೊನೆಯಲ್ಲಿ ಮಿಷಿಗನ್ ವಿರುದ್ಧದ ಪಂದ್ಯದಲ್ಲಿ ಕಾಲಿನ ಗೆಣ್ಣು ಮುರಿದುಕೊಂಡನು. ಉಳಿದವನು ಕಾರ್ಡೇಲ್ ಜೋನ್ಸ್. ಒಂದು ಕಾಲೇಜು ಪಂದ್ಯದಲ್ಲಿಯೂ ಆರಂಭದಿಂದ ಆಡಿರದ ಆ ಕ್ಲೀವ್‌ಲೆಂಡಿನ ಹುಡುಗ, ಡಿಸೆಂಬರ್ 6ರಂದು ವಿಸ್ಕಾನ್ಸಿನ್ ವಿರುದ್ಧ ಮೊದಲ ಬಾರಿಗೆ ತಂಡವನ್ನು ನಡೆಸಿದಾಗ ಅಂಕಗಳು 59-0. ಜನವರಿ 1ರಂದು ಅಲಬಾಮಾ 42-35ರಿಂದ ಸೋತಿತು. ಜನವರಿ 12ರಂದು ಆರಿಗನ್ 42-20ರಿಂದ ಸೋತಿತು. ಮೂರನೆಯ ಸಾಲಿನವನ ಮೂರು ಪಂದ್ಯಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಕೈಸೇರಿತು. ಇದನ್ನು ಅದೃಷ್ಟವೆಂದು ಬಗೆಯುವವರೊಡನೆ ನನಗೆ ಸಮ್ಮತಿಯಿಲ್ಲ. ತಾನು ಆಡುವೆನೆಂಬ ಖಾತರಿಯೇ ಇಲ್ಲದೆ ಮೂರು ಶರತ್ಕಾಲ ಸಭೆಗಳಲ್ಲಿ ಕುಳಿತು, ಅದೇ ಚಾಲುಗಳನ್ನು ಕಲಿತು, ಅದೇ ಎಸೆತಗಳನ್ನು ಎಸೆಯುತ್ತ ಬಂದ ಪೂರ್ವಸಿದ್ಧತೆ ಅದರ ಹಿಂದಿತ್ತು. ಆಗಸ್ಟಿನಲ್ಲಿ ಅವನ ಹೆಸರಿನ ಮುಂದೆ ‘ಮೂರನೆಯವನು’ ಎಂದು ಬರೆದವರು ಸುಳ್ಳು ಬರೆಯಲಿಲ್ಲ. ಆ ಅಂಕೆಯಲ್ಲಿ ಅಡಗಿದ್ದುದನ್ನು ಮಾತ್ರ ಅವರು ಕಾಣಲಿಲ್ಲ.

ಅಂಥ ತಾಳ್ಮೆಗೆ ಈಗ ಅವಕಾಶ ಸಂಕುಚಿತವಾಗುತ್ತಿರುವುದು ನನ್ನನ್ನು ನಿಜವಾಗಿಯೂ ಕಳವಳಗೊಳಿಸುವ ಸಂಗತಿ. 2018ರ ಅಕ್ಟೋಬರಿನಲ್ಲಿ, ತಂಡ ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ಆರಂಭವಾಯಿತು. 2021ರಿಂದ ಒಂದು ವರ್ಷ ಸುಮ್ಮನೆ ಕುಳಿತುಕೊಳ್ಳದೆಯೇ ಆಟಗಾರನು ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಆಡಬಹುದಾಯಿತು. ಇದು ಅವನಿಗೆ ನ್ಯಾಯವೇ; ಕೋಚುಗಳು ಮನಬಂದಾಗ ಬಿಟ್ಟುಹೋಗುವ ಲೋಕದಲ್ಲಿ ವಿದ್ಯಾರ್ಥಿಯೊಬ್ಬನೇ ಕಟ್ಟುಬೀಳಬೇಕೇಕೆ? ಆದರೆ ಎರಡನೆಯ ವರ್ಷದ ಹುಡುಗ ಪಕ್ವವಾಗುವುದನ್ನು ಕಾಯುವ ಬದಲು, ಬೇರೆಡೆ ಪಕ್ವವಾದವನನ್ನೇ ಕರೆತರುವ ಆತುರ ತಂಡಗಳಿಗೆ ಅಂಟಿಕೊಂಡಿತು.

ಇದಕ್ಕಿಂತ ಕಠಿಣವಾದುದು 2025ರ ವ್ಯವಸ್ಥೆ. ಎನ್‌ಸಿಎಎ ಮೇಲೆ ಆಟಗಾರರು ಹೂಡಿದ್ದ ದಾವೆಯಲ್ಲಿ ಆ ವರ್ಷದ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅನುಮೋದಿಸಿದ ರಾಜಿ ಒಪ್ಪಂದದಂತೆ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು. 85 ವಿದ್ಯಾರ್ಥಿವೇತನಗಳೆಂಬ ಹಳೆಯ ಮಿತಿ ತೊಲಗಿತು. ಅದರ ಬದಲು ತಂಡದಲ್ಲಿ ಒಟ್ಟು 105 ಮಂದಿಗಿಂತ ಹೆಚ್ಚು ಇರಕೂಡದೆಂಬ ಮಿತಿ ಬಂದಿತು. ಇಪ್ಪತ್ತು ಮಂದಿ ಹೆಚ್ಚಿಗೆ ವಿದ್ಯಾರ್ಥಿವೇತನ ಪಡೆಯಬಹುದೆಂಬುದು ಲಾಭ. ನಷ್ಟವಾದುದು 120 ಅಥವಾ ಅದಕ್ಕೂ ಮಿಕ್ಕ ಮಂದಿಯನ್ನು ಇಟ್ಟುಕೊಂಡಿದ್ದ ತಂಡಗಳ ಕೊನೆಯ ಸಾಲಿನವರಿಗೆ. ಊರೂರಿನ ರೈತಮಕ್ಕಳನ್ನು ವಾಕ್-ಆನ್‌ಗಳಾಗಿ ಸೇರಿಸಿ ಬೆಳೆಸಿದ ಕೀರ್ತಿಯುಳ್ಳ ನೆಬ್ರಾಸ್ಕದಂಥ ಸಂಪ್ರದಾಯಗಳಿಗೆ. ಈ ಮಿತಿಯ ಕಾರಣ ಆಗಲೇ ಸ್ಥಾನ ಕಳೆದುಕೊಂಡವರನ್ನು, ಅವರ ಆಟದ ಅರ್ಹತೆ ಮುಗಿಯುವವರೆಗೆ, ಎಣಿಕೆಗೆ ಹಿಡಿಯದೆ ಇಟ್ಟುಕೊಳ್ಳಬಹುದೆಂಬ ವಿನಾಯಿತಿಯನ್ನು ನ್ಯಾಯಾಲಯದ ಒತ್ತಾಯದಿಂದ ಸೇರಿಸಲಾಯಿತು. ಆ ವಿನಾಯಿತಿ ಆ ಒಂದು ಪೀಳಿಗೆಗೆ ಮಾತ್ರ. ವಿದ್ಯಾರ್ಥಿವೇತನವನ್ನಾಗಲಿ ಹಣವನ್ನಾಗಲಿ ಬೇಡದೆ, ಅಭ್ಯಾಸಕ್ಕೆ ಬರುತ್ತೇನೆಂದು ಮಾತ್ರ ಕೇಳುವ ಹುಡುಗನಿಗೆ ಅದನ್ನು ಶಾಶ್ವತವಾಗಿ ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ. ಹಾಗಾಗದಿದ್ದಲ್ಲಿ, ಈಗಿನವರು ಪದವಿ ಪಡೆದು ಹೊರಟ ಮೇಲೆ, ಆಗಸ್ಟ್ ಶಿಬಿರದ ಬಾಗಿಲಿಗೆ ಬರುವ 106ನೆಯವನಿಗೆ ತಂಡದಲ್ಲಿ ಸ್ಥಳವೇ ಇರುವುದಿಲ್ಲ.