ತಲೆಬರಹದ ಎಡ ಅಂಚು: ಗೋವೆಯಲ್ಲಿ ಇಳಿದ ಕಸುಬು

ದಿನಪತ್ರಿಕೆಯ ಪುಟವೊಂದನ್ನು ಹರವಿ, ಎಡಕ್ಕೆ ಜೋಡಿಸಿದ ದೊಡ್ಡ ತಲೆಬರಹದ ಮೊದಲ ಅಕ್ಷರದ ಅಂಚಿಗೆ ಅಡಿಪಟ್ಟಿ ಇಟ್ಟು ನೋಡಿ. ಕೆಳಗಿನ ಸುದ್ದಿಯ ಸಾಲುಗಳು ಪಟ್ಟಿಯಿಂದಾಚೆ ಚೂರು ಎಡಕ್ಕೆ ಚಾಚಿಕೊಂಡಿರುವುದು ಎಷ್ಟೋ ಸಲ ಕಾಣುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಎರಡೂ ಒಂದೇ ಗೆರೆಯಿಂದ ಹೊರಟಿವೆ. ಕಣ್ಣಿನ ಲೆಕ್ಕದಲ್ಲಿ ತಲೆಬರಹ ಒಳಸರಿದಿದೆ. ಈ ಒಂದು ಮಿಲಿಮೀಟರನ್ನು ಸರಿಪಡಿಸುವುದು ಪುಟ ಕಟ್ಟುವವರ ಕಸುಬಿನ ಹಳೆಯ ಪಾಠ. ಆ ಕಸುಬು ಭಾರತದ ನೆಲದಲ್ಲಿ ಮೊದಲು ಇಳಿದದ್ದು ಗೋವೆಯಲ್ಲಿ.

1556ರ ಸೆಪ್ಟೆಂಬರ್‌ನಲ್ಲಿ ಲಿಸ್ಬನ್‌ನಿಂದ ಬಂದ ಹಡಗಿನಲ್ಲಿ ಒಂದು ಮುದ್ರಣಯಂತ್ರವಿತ್ತು. ಅದು ಹೊರಟಿದ್ದು ಅಬಿಸೀನಿಯಾಕ್ಕೆ, ಅಂದರೆ ಇಂದಿನ ಇಥಿಯೋಪಿಯಾಕ್ಕೆ. ನಿಂತದ್ದು ಹಳೆ ಗೋವೆಯ ಸಂತ ಪಾಲರ ಕಾಲೇಜಿನಲ್ಲಿ. ಯಂತ್ರದ ಜೊತೆಗೆ ಬಂದಿದ್ದ ಜೆಸ್ವಿಟ್ ಸೋದರ ಜುವಾನ್ ದೆ ಬುಸ್ತಮಾಂತೆ ಅದೇ ವರ್ಷ ಅಚ್ಚಿನ ಕೆಲಸ ಶುರುಮಾಡಿದ. ಆ ಮೊದಲ ಹಾಳೆಗಳು ಉಳಿದಿಲ್ಲ. 1563ರ ಏಪ್ರಿಲ್‌ನಲ್ಲಿ ಜುವಾನ್ ದೆ ಎಂಡೆಮ್ ಎಂಬ ಮುದ್ರಕ ಅಚ್ಚುಹಾಕಿದ ಗಾರ್ಸಿಯಾ ದ ಓರ್ತನ ‘ಕೊಲೊಕಿಯುಸ್’ ಮಾತ್ರ ಲೋಕಪ್ರಸಿದ್ಧವಾಯಿತು. ಭಾರತದ ಗಿಡಮೂಲಿಕೆಗಳ ಬಗ್ಗೆ ವೈದ್ಯನೊಬ್ಬ ಬರೆದ ಗ್ರಂಥವದು. ಅಚ್ಚಿನ ತಪ್ಪುಗಳಿಗೂ ಅದು ಹೆಸರುವಾಸಿ. ತಿದ್ದುಪಡಿಯ ಪಟ್ಟಿಯೇ ಸುಮಾರು 20 ಪುಟ.

ಆ ಕಾಲದ ಅಚ್ಚುಮೊಳೆ ಜೋಡಿಸುವವನಿಗೆ ಅಂಚು ಅಲಂಕಾರದ ವಿಷಯವಾಗಿರಲಿಲ್ಲ. ಪ್ರತಿ ಸಾಲೂ ಒಂದೇ ಅಳತೆಗೆ ಬಿಗಿಯಾಗಿ ಕೂತರೆ ಮಾತ್ರ ಚೌಕಟ್ಟು ನಿಲ್ಲುತ್ತದೆ. ಒಂದು ಸಾಲು ಸಡಿಲವಾದರೆ ಮೊಳೆಗಳು ಉದುರುತ್ತವೆ. ಹಾಗಾಗಿ ಪದಗಳ ನಡುವೆ ತೆಳ್ಳನೆಯ ಸೀಸದ ತುಣುಕು ತೂರಿಸುತ್ತಿದ್ದರು. ಪೋರ್ಚುಗೀಸ್ ಪುಸ್ತಕಗಳಲ್ಲಿ ಇನ್ನೊಂದು ಉಪಾಯವೂ ಇತ್ತು: ‘ಎನ್’ ಅಥವಾ ‘ಎಮ್’ ಬಿಟ್ಟು, ಹಿಂದಿನ ಸ್ವರದ ನೆತ್ತಿಗೆ ಸಣ್ಣದೊಂದು ಅಲೆಗೆರೆ ಎಳೆದರೆ ಸಾಲು ಒಂದು ಮೊಳೆಯಷ್ಟು ಮೊಟಕಾಗುತ್ತದೆ. ಅದಕ್ಕೂ ನೂರು ವರ್ಷ ಹಿಂದೆ ಗುಟೆನ್‌ಬರ್ಗ್ ತನ್ನ 42 ಸಾಲಿನ ಬೈಬಲ್‌ನಲ್ಲಿ ಪದ ಮುರಿಯುವ ಅಡ್ಡಗೆರೆಗಳನ್ನು ಬಲ ಅಂಚಿನಿಂದ ಆಚೆಗೆ ತಳ್ಳಿದ್ದ. ಗೆರೆ ಹಗುರ, ಅಕ್ಷರ ಭಾರ. ಹಗುರವಾದದ್ದು ಹೊರಗೆ ನಿಂತರೆ ಅಂಚು ನೆಟ್ಟಗೆ ಕಾಣುತ್ತದೆ ಎಂಬುದು ಆತನಿಗೆ ಗೊತ್ತಿತ್ತು.

ಗೋವೆಯ ಕತೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಮನುಷ್ಯ ಥಾಮಸ್ ಸ್ಟೀಫನ್ಸ್. 1579ರಲ್ಲಿ ಗೋವೆಗೆ ಬಂದ ಈ ಇಂಗ್ಲಿಷ್ ಪಾದ್ರಿ ಮರಾಠಿಯ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಬರೆದ. ಅದು 1616ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾದದ್ದು ರೋಮನ್ ಲಿಪಿಯಲ್ಲಿ. ನಾಡಿನ ಲಿಪಿಯಲ್ಲೇ ಪುಸ್ತಕ ತರಬೇಕೆಂಬುದು ಅವನ ಬಹುಕಾಲದ ಆಸೆ. 1608ರ ಪತ್ರದಲ್ಲಿ ಅದಕ್ಕಿರುವ ತೊಡಕನ್ನೂ ಅವನು ತನ್ನ ಮೇಲಧಿಕಾರಿಗೆ ವಿವರಿಸಿದ್ದ: ಇಲ್ಲಿಯ ಅಕ್ಷರಗಳು ಕಾಗುಣಿತ ಸಮೇತ ಬರುವುದರಿಂದ 600 ಅಚ್ಚುಗಳು ಬೇಕು, ಜಾಣತನದಿಂದ ಅದನ್ನು 200ಕ್ಕೆ ಇಳಿಸಬಹುದು. ಕನ್ನಡ ಲಿಪಿಯ ನಂಟಿನ ಗೋಯ್‌ಕಾನಡಿ ಅಕ್ಷರಗಳು ಗೋವೆಯ ಹಳೆಯ ಕಾಗದಪತ್ರಗಳಲ್ಲಿ ಬಳಕೆಯಲ್ಲಿದ್ದ ಕಾಲವದು. ಆದರೂ ಅಲ್ಲಿ ನಾಡಿನ ಲಿಪಿ ಸೀಸಕ್ಕೆ ಇಳಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಸೊರಗಿ ನಿಂತ ಗೋವೆಯ ಮುದ್ರಣ ಮತ್ತೆ ಚಿಗುರಿದ್ದು 1821ರಲ್ಲಿ, ‘ಗಜೆಟಾ ದೆ ಗೋವಾ’ ಪತ್ರಿಕೆಯೊಂದಿಗೆ. ಅಷ್ಟರೊಳಗೆ, 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಸೆರಾಂಪುರದಲ್ಲಿ ಅಚ್ಚಾಗಿತ್ತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಹೊರಬಂತು.

ಇನ್ನು ಆ ಒಂದು ಮಿಲಿಮೀಟರು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಪ್ರತಿ ಅಕ್ಷರದ ಎರಡೂ ಮಗ್ಗುಲಲ್ಲಿ ಒಂದಿಷ್ಟು ಖಾಲಿ ಜಾಗ ಇರುತ್ತದೆ. ಇಲ್ಲದಿದ್ದರೆ ಅಕ್ಷರಗಳು ಒಂದಕ್ಕೊಂದು ತಾಗುತ್ತವೆ. ಅದು ಅಕ್ಷರದ ಗಾತ್ರದ ನೂರಕ್ಕೆ 6 ಭಾಗ ಎಂದುಕೊಳ್ಳಿ. 10 ಪಾಯಿಂಟಿನ ಸುದ್ದಿಯಲ್ಲಿ ಅದು 0.6 ಪಾಯಿಂಟ್, ಕಣ್ಣಿಗೆ ಬೀಳುವುದಿಲ್ಲ. 60 ಪಾಯಿಂಟಿನ ತಲೆಬರಹದಲ್ಲಿ 3.6 ಪಾಯಿಂಟ್. ವ್ಯತ್ಯಾಸ 3 ಪಾಯಿಂಟ್. ಇಂಚಿಗೆ 72 ಪಾಯಿಂಟಿನ ಲೆಕ್ಕದಲ್ಲಿ ಒಂದು ಮಿಲಿಮೀಟರಿಗೂ ತುಸು ಹೆಚ್ಚು. ಸೀಸದ ಕಾಲದಲ್ಲಿ ಪ್ರತಿ ಗಾತ್ರಕ್ಕೂ ಬೇರೆ ಬೇರೆ ಅಚ್ಚು ಕೊರೆಯುತ್ತಿದ್ದರು, ದೊಡ್ಡ ಅಕ್ಷರಕ್ಕೆ ಬೇಕಾದ ಮಗ್ಗುಲ ಜಾಗವನ್ನು ಕೊರೆಯುವವನೇ ತೂಗಿನೋಡುತ್ತಿದ್ದ. ಕಂಪ್ಯೂಟರ್ ಒಂದೇ ಚಿತ್ರವನ್ನು ಹಿಗ್ಗಿಸುತ್ತದೆ, ಖಾಲಿ ಜಾಗವೂ ಜೊತೆಗೇ ಹಿಗ್ಗುತ್ತದೆ.

ಕನ್ನಡದಲ್ಲಿ ಈ ಕೆಲಸ ಇನ್ನಷ್ಟು ನಾಜೂಕು. ರೋಮನ್ ಲಿಪಿಯ ‘ಎಚ್’ಗೆ ಇರುವ ನೇರ ಕಂಬ ನಮ್ಮ ಅಕ್ಷರಗಳಿಗಿಲ್ಲ. ‘ರೈತ’ ಎಂದು ಶುರುವಾಗುವ ತಲೆಬರಹವನ್ನೇ ನೋಡಿ: ‘ರ’ದ ದುಂಡು ಹೊಟ್ಟೆ ಎಡ ಗೆರೆಯನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ, ಮೇಲೂ ಕೆಳಗೂ ಅದು ದೂರ ಸರಿಯುತ್ತದೆ. ಅದನ್ನು ಗೆರೆಯಿಂದ ಕೂದಲೆಳೆಯಷ್ಟು ಆಚೆ ಇಟ್ಟರೇ ಕಣ್ಣಿಗೆ ಸರಿ. ಉದ್ಧರಣ ಚಿಹ್ನೆಯಿಂದ ಆರಂಭವಾದರೆ ಚಿಹ್ನೆಯನ್ನು ಪೂರ್ತಿ ಹೊರಗೆ ತೂಗುಬಿಟ್ಟು, ಅಕ್ಷರವನ್ನೇ ಅಂಚಿಗೆ ತರಬೇಕು. ಬಲ ಅಂಚಿನಲ್ಲೂ ಅಷ್ಟೇ ಎಚ್ಚರ ಬೇಕು. ‘ರಾಜ್ಯ’ದಂಥ ಪದ ಸಾಲಿನ ಕೊನೆಗೆ ಬಂದರೆ ಯಕಾರದ ಒತ್ತು ಕೆಳಗಿಳಿದು ಆಚೆಗೆ ಕೈಚಾಚುತ್ತದೆ.

ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ ಇದಕ್ಕೆಂದೇ ‘ಆಪ್ಟಿಕಲ್ ಮಾರ್ಜಿನ್ ಅಲೈನ್‌ಮೆಂಟ್’ ಎಂಬ ಆಯ್ಕೆ ಇದೆ. ಅದನ್ನೊಂದೇ ನಂಬದೆ, ತಲೆಬರಹದ ಚೌಕಟ್ಟನ್ನು ಕೈಯಿಂದಲೇ ಎಡಕ್ಕೆ ಸರಿಸಿ, ಪುಟವನ್ನು ಅಚ್ಚು ತೆಗೆದು ತೋಳಳತೆಯ ದೂರದಿಂದ ನೋಡುವುದು ಒಳ್ಳೆಯ ಕ್ರಮ. ಓದುಗರು ಈ ತಿದ್ದುಪಡಿಯನ್ನು ಗುರುತಿಸಲಾರರು, ಆದರೆ ಪುಟ ಅಚ್ಚುಕಟ್ಟಾಗಿದೆ ಎಂಬುದು ಅವರಿಗೆ ತಿಳಿಯುತ್ತದೆ.

ಕನ್ನಡ ಫಾಂಟ್ ರೂಪಿಸುವವರಲ್ಲಿ ಒಂದು ಕೋರಿಕೆ: ಒಡಲಿನ ಅಕ್ಷರವನ್ನೇ ಹಿಗ್ಗಿಸಿ ಬಳಸುವಂತೆ ನಮ್ಮನ್ನು ಬಿಡಬೇಡಿ, ತಲೆಬರಹಕ್ಕೆಂದೇ, ಮಗ್ಗುಲ ಜಾಗ ಬಿಗಿಮಾಡಿದ ಅಕ್ಷರ ಬರೆದುಕೊಡಿ. ಸ್ಟೀಫನ್ಸ್‌ನಿಗೆ 600 ಅಚ್ಚುಗಳ ಲೆಕ್ಕ ಎದುರಿಗಿತ್ತು. ಇಂದು ಆ ಅಷ್ಟೂ ಅಕ್ಷರಗಳನ್ನು ಒಬ್ಬ ವಿನ್ಯಾಸಕಾರ ಒಂದು ಮೇಜಿನ ಮುಂದೆ ಕೂತು ತಿದ್ದಬಲ್ಲ. ಸಾಧನ ಕೈಗೆ ಬಂದ ಮೇಲೆ ನಮ್ಮ ಲಿಪಿಗೆ ಕೊಡಬೇಕಾದದ್ದು ಗಮನ ಮಾತ್ರ.