ಪಂಚಮಿಯ ಜೋಕಾಲಿ: ಕೊಂಬೆ ಹೊರುವ ಭಾರವೆಷ್ಟು?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆಗಳಲ್ಲಿ ನಾಗರ ಪಂಚಮಿಯೆಂದರೆ ಅಳ್ಳು, ಉಂಡೆ ಮತ್ತು ಜೋಕಾಲಿ. ಊರಿನ ಬೇವು, ಹುಣಸೆ ಮರಗಳಿಗೆ ಹಗ್ಗ ಬೀಳುವ ಆ ದಿನಗಳಲ್ಲಿ ಶಾಲೆಯ ಅಂಗಳದ ಮರಕ್ಕೂ ಮಕ್ಕಳು ಜೋಕಾಲಿ ಬೇಡುವುದು ಸಹಜ. ಹಿರಿಯರೊಬ್ಬರು ಹಗ್ಗಕ್ಕೆ ಜೋತುಬಿದ್ದು, ಕೊಂಬೆ ಗಟ್ಟಿಯಿದೆಯೆಂದು ಒಪ್ಪಿಗೆ ನೀಡುವುದು ರೂಢಿ. ಈ ಪರೀಕ್ಷೆಯೊಂದೇ ಸಾಲದು.

ನಿಶ್ಚಲವಾಗಿ ಕುಳಿತ ಮಗುವಿನ ತೂಕವನ್ನಷ್ಟೇ ಕೊಂಬೆ ಹೊರುತ್ತದೆ. ಜೀಕುವಾಗ ಹಾಗಲ್ಲ. ಜೋಕಾಲಿ ಕೆಳಬಿಂದುವನ್ನು ವೇಗವಾಗಿ ಹಾಯುವಾಗ ಹಗ್ಗವು ತೂಕವನ್ನು ಹೊರುವುದಲ್ಲದೆ, ನೇರವಾಗಿ ಸಾಗಬಯಸುವ ದೇಹವನ್ನು ಕಮಾನಿನ ದಾರಿಗೆ ಎಳೆದು ತಿರುಗಿಸಲೂ ಬೇಕು. ಹಗ್ಗ 60 ಡಿಗ್ರಿ ಓರೆಯಾಗುವವರೆಗೆ ಜೀಕಿದರೆ ಕೆಳಬಿಂದುವಿನಲ್ಲಿ ಎಳೆತವು ತೂಕದ 2 ಪಟ್ಟು. 90 ಡಿಗ್ರಿಯಾದರೆ 3 ಪಟ್ಟು. 60 ಕಿಲೋ ತೂಕದ ಹಿರಿಯರು ಜೋತುಬಿದ್ದದ್ದು, 30 ಕಿಲೋ ತೂಕದ ಒಂದೇ ಮಗು 60 ಡಿಗ್ರಿ ಜೀಕುವುದಕ್ಕೆ ಸಮ. ಅಂತಹ ಇಬ್ಬರು ಒಟ್ಟಿಗೆ ಜೀಕಿದರೆ ಭಾರ 120 ಕಿಲೋ ಆಗುವುದು.

ಆದುದರಿಂದ ಹಸಿರೆಲೆ ತುಂಬಿದ, ಬಿರುಕು, ಪೊಟರೆ, ಅಣಬೆಗಳಿಲ್ಲದ ದಪ್ಪ ಕೊಂಬೆಯನ್ನೇ ಆರಿಸಬೇಕು. ಹಗ್ಗವು ಕಾಂಡದ ಸಮೀಪದಲ್ಲಿರಬೇಕು, ಆದರೆ ಜೀಕುವ ಮಗು ಕಾಂಡಕ್ಕೆ ತಗಲುವಷ್ಟಲ್ಲ. ನುಗ್ಗೆಯ ಕೊಂಬೆ ದಪ್ಪವಿದ್ದರೂ ಪೆಳಸು; ಅದು ಬೇಡ. ಹಗ್ಗ ಕೊಂಬೆಯನ್ನು ಉಜ್ಜುವೆಡೆ ಗೋಣಿತಟ್ಟು ಸುತ್ತಿದರೆ ಹಗ್ಗವೂ ಸವೆಯದು, ತೊಗಟೆಯೂ ಉಳಿಯುವುದು. ಎಲೆಗಳು ತಯಾರಿಸಿದ ಆಹಾರ ತೊಗಟೆಯ ಒಳಪದರದಲ್ಲಿಯೇ ಹರಿಯುವುದರಿಂದ ತಂತಿಯನ್ನು ಎಂದಿಗೂ ಬಿಗಿಯಬಾರದು. ಶ್ರಾವಣದ ಮಳೆಯಲ್ಲಿ ನೆನೆಯುವ ನಾರಿನ ಹಗ್ಗ ಒಳಗೊಳಗೇ ಕೊಳೆಯುತ್ತದೆ. ಹಳೆಯ ಹಗ್ಗವನ್ನು ಬಳಸಬಾರದು. ಹಗ್ಗವನ್ನೂ ಗಂಟನ್ನೂ ಪ್ರತಿದಿನ ನೋಡಬೇಕು. ಜೋಕಾಲಿಯ ಹಿಂದೆ ಮುಂದೆ ಗೋಡೆ, ಕಲ್ಲು, ಬಾವಿ, ವಿದ್ಯುತ್ ತಂತಿಗಳಿರಬಾರದು; ಕೆಳಗೆ ಮರಳು ಹರಡಿರಬೇಕು. ಹಬ್ಬ ಮುಗಿದೊಡನೆ ಹಗ್ಗವನ್ನು ಬಿಚ್ಚಬೇಕು. ಬಿಟ್ಟ ಕುಣಿಕೆಯು ಬೆಳೆಯುವ ಕೊಂಬೆಯ ಕತ್ತು ಹಿಸುಕುತ್ತದೆ.

ಈ ಲೆಕ್ಕವನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬಹುದು. ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಗೆ ದಾರದಿಂದ 200 ಗ್ರಾಂ ಕಲ್ಲನ್ನು ತೂಗುಬಿಟ್ಟು, 60 ಡಿಗ್ರಿ ಪಕ್ಕಕ್ಕೆಳೆದು ಬಿಡಬೇಕು. ಕಲ್ಲು ಕೆಳಗೆ ಹಾಯುವಾಗ ಮುಳ್ಳು 400ರತ್ತ ಜಿಗಿಯುವುದು. ಅದನ್ನು ಕಂಡ ಮಕ್ಕಳಿಗೆ, ‘ಇಬ್ಬರು ಹತ್ತಬೇಡಿ, ಅತಿಯಾಗಿ ಜೀಕಬೇಡಿ’ ಎಂಬ ಮಾತು ಬರಿಯ ಗದರಿಕೆಯಾಗಿ ಕೇಳದು.